ಸಿಂಕೋ ಜಿಂಕೋ

ಕಾಮಾಕ್ಷಿಪಾಳ್ಯದಲ್ಲಿ ನಿಂತು ‘ಸಿಂಕ್ ಮಾಡಿಸಬೇಕಿತ್ತು’ ಅಂದರೆ ಎದುರಿಗಿದ್ದವರು ಕೇಳುವ ಮೊದಲ ಪ್ರಶ್ನೆ, ‘ವೈಟಾ, ಯೆಲ್ಲೋನಾ?’ ಅವರದೇನೂ ತಪ್ಪಿಲ್ಲ. ಮಾಗಡಿ ರಸ್ತೆಯ ಎಡಬಲದ ಈ ಗಲ್ಲಿಗಳಲ್ಲಿ ಲೇತು, ಡ್ರಿಲ್ಲು, ಪವರ್ ಪ್ರೆಸ್ಸುಗಳ ಕೈಗೆ ಸಿಕ್ಕು ಆಕಾರ ಪಡೆದ ಕಬ್ಬಿಣದ ತುಂಡು ಕಡೆಗೆ ಹೋಗಿ ಬೀಳುವುದು ಪ್ಲೇಟಿಂಗಿನವರ ತೊಟ್ಟಿಯಲ್ಲಿ. ಅಲ್ಲಿ ಅದಕ್ಕೆ ಎಂಟೋ ಹತ್ತೋ ಮೈಕ್ರಾನ್ ದಪ್ಪದ ಸತುವಿನ ಅಂಗಿ ತೊಡಿಸಿ ಕಳಿಸುತ್ತಾರೆ. ಸತು ಅಂತ ಯಾರೂ ಅನ್ನುವುದಿಲ್ಲ, ಜಿಂಕು ಅಂತಲೇ. ನೀಲಿ ಸೋಕಿದಂಥ ಬಿಳಿ ಬೇಕಾದರೆ ವೈಟು, ಕಾಮನಬಿಲ್ಲು ಕಲಸಿದಂಥ ಹಳದಿ ಬೇಕಾದರೆ ಯೆಲ್ಲೋ. ನಮ್ಮ ಷೆಡ್ಡಿನ ಟರ್ನರ್ ನನಗಿಂತ ಹತ್ತು ವರ್ಷ ಹಿರಿಯರು. ‘ಕಂಪ್ಯೂಟರಿಗೂ ಮೊಬೈಲಿಗೂ ಸಿಂಕ್ ಮಾಡಿಸಬೇಕು’ ಅಂತ ನಾನು ಅವರ ಹತ್ತಿರ ಅಂದ ದಿನ ಅವರು ಲೇತು ನಿಲ್ಲಿಸಿ, ಕಾಟನ್ ವೇಸ್ಟಿನಲ್ಲಿ ಕೈ ಒರೆಸಿಕೊಂಡು, ನನ್ನ ಫೋನನ್ನು ಹಿಂದೆಮುಂದೆ ತಿರುಗಿಸಿ ನೋಡಿ, ‘ಅಲ್ಯೂಮಿನಿಯಂ ಅಲ್ವಾ ಸಾರ್ ಇದು. ಕೂರಲ್ಲ’ ಅಂದರು.

ಮನೆಯಲ್ಲಿ ಇದೇ ಮಾತೆತ್ತಿದರೆ ಇನ್ನೊಂದು ಅನರ್ಥ. ‘ಸಿಂಕ್ ಆಗ್ತಾ ಇಲ್ಲ’ ಅಂತ ಊಟದ ಹೊತ್ತಿಗೆ ಗೊಣಗಿದೆ. ‘ಕಟ್ಟಿಕೊಂಡಿದೆ ಅಂತ ನಾಲ್ಕು ದಿನದಿಂದ ಬಡ್ಕೋತಿದೀನಿ, ಈಗ ಕಣ್ಣಿಗೆ ಬಿತ್ತಾ’ ಎಂದು ಅಡುಗೆಮನೆಯಿಂದ ಉತ್ತರ ಬಂತು. ಆ ರಾತ್ರಿ ನಾನು ಸರಿಮಾಡಿದ್ದು ಆ ಸಿಂಕನ್ನೇ.

ನಾನು ಹೇಳುವ ಸಿಂಕಿಗೆ ಕನ್ನಡದಲ್ಲಿ ಒಂದು ಹದವಾದ ಮಾತಿದೆ, ತಾಳೆ. ಕಿರ್ದಿಗೂ ಖತಾವಣಿಗೂ ತಾಳೆ ನೋಡುತ್ತೇವೆ, ಚಲನ್ನಿಗೂ ಮಾಲಿಗೂ ತಾಳೆ ನೋಡುತ್ತೇವೆ, ಗಂಡಿನ ಜಾತಕಕ್ಕೂ ಹೆಣ್ಣಿನ ಜಾತಕಕ್ಕೂ ನೋಡುತ್ತೇವೆ. ಮಾತಿಗೂ ನಡತೆಗೂ ತಾಳೆಯಿಲ್ಲದವರನ್ನು ಕಂಡು ದೂರ ಇರುತ್ತೇವೆ. ತಾಳೆಗರಿಯ ತಾಳೆಯನ್ನೂ ನಾನು ಮನಸ್ಸಿನಲ್ಲಿ ಇದರ ಪಕ್ಕಕ್ಕೇ ಕೂರಿಸಿಕೊಂಡಿದ್ದೇನೆ, ವ್ಯಾಕರಣದವರು ಬೈದರೂ ಚಿಂತೆಯಿಲ್ಲ. ಯಾಕೆಂದರೆ 1996ರಲ್ಲಿ ಅಮೆರಿಕದ ಪಾಮ್ ಕಂಪನಿಯವರು ಪೈಲಟ್ ಎಂಬ ಅಂಗೈಯಗಲದ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟರು. ವಿಳಾಸ, ಕ್ಯಾಲೆಂಡರು, ಮಾಡಬೇಕಾದ ಕೆಲಸಗಳ ಪಟ್ಟಿ, ಇಷ್ಟೇ ಅದರ ಸಂಸಾರ. ಜೊತೆಗೊಂದು ಪುಟ್ಟ ತೊಟ್ಟಿಲು. ಸಂಜೆ ಮನೆಗೆ ಬಂದು ಅದನ್ನು ತೊಟ್ಟಿಲಲ್ಲಿ ನಿಲ್ಲಿಸಿ ಒಂದು ಗುಂಡಿ ಒತ್ತಿದರೆ ಕಂಪ್ಯೂಟರಿನಲ್ಲಿದ್ದದ್ದು ಇದಕ್ಕೂ ಇದರಲ್ಲಿದ್ದದ್ದು ಕಂಪ್ಯೂಟರಿಗೂ ಹೋಗಿ ಎರಡೂ ಒಂದಾಗುತ್ತಿದ್ದವು. ಹಾಟ್‌ಸಿಂಕ್ ಅಂತ ಅದರ ಹೆಸರು. ಪಾಮ್ ಅಂದರೆ ಇಂಗ್ಲಿಷಿನಲ್ಲಿ ಅಂಗೈಯೂ ಹೌದು, ತಾಳೆಮರವೂ ಹೌದು. ತಾಳೆ ನೋಡಲಿಕ್ಕೆ ತಾಳೆಯೇ ಬಂತು ಅಂತ ನನಗೆ ಒಳಗೊಳಗೇ ಖುಷಿ.

ನಮ್ಮದು 20 ಅಡಿ ಅಗಲ, 40 ಅಡಿ ಉದ್ದದ ಷೆಡ್ಡು. ಎರಡು ಲೇತು, ಒಂದು ರೇಡಿಯಲ್ ಡ್ರಿಲ್ಲು, ಒಂದು ಹಳೇ ಮಿಲ್ಲಿಂಗ್ ಮಷೀನು. ಹಿಂಬದಿಗೆ ಕಬ್ಬಿಣದ ಆಂಗಲ್ ಕಟ್ಟಿ ಹಲಗೆ ಹಾಸಿದ ಅಟ್ಟ, ಅದಕ್ಕೆ ಆಫೀಸು ಅಂತ ಹೆಸರು. ಹತ್ತಲಿಕ್ಕೆ ಹನ್ನೊಂದು ಮೆಟ್ಟಿಲು. ಕಂಪ್ಯೂಟರು ಮೇಲೆ, ಕೆಲಸ ಕೆಳಗೆ, ನಡುವೆ ಓಡಾಡುವವನು ನಾನು, ನನ್ನ ಜೇಬಿನಲ್ಲಿ ಫೋನು. ಮೊದಲು ಡ್ರಾಯಿಂಗ್ ಅಂದರೆ ಅಮೋನಿಯಾ ವಾಸನೆಯ ಒಂದೇ ಒಂದು ಪ್ರಿಂಟು. ಕ್ಲಿಪ್ಪು ಹಾಕಿ ಮಷೀನಿನ ಪಕ್ಕ ನೇತುಹಾಕಿದರೆ ಜಾಬು ಮುಗಿಯುವವರೆಗೆ ಅಲ್ಲೇ. ಹೊಸದು ಬಂದರೆ ಹಳೆಯದನ್ನು ಹರಿದು ಟೀ ಲೋಟದಡಿಗೆ ಹಾಕುತ್ತಿದ್ದೆವು. ಇರುವುದೇ ಒಂದು ಪ್ರತಿ ಆದಾಗ ಯಾವುದರ ಜೊತೆ ತಾಳೆ ನೋಡುವುದು? ಈಗ ಡ್ರಾಯಿಂಗು ಎರಡು ಬಾಗಿಲಿಂದ ಒಳಗೆ ಬರುತ್ತದೆ. ಕಂಪನಿಯ ಪರ್ಚೇಸಿನವರು ಮೇಲ್ ಕಳಿಸುತ್ತಾರೆ, ಅದು ಅಟ್ಟದ ಮೇಲಿನ ಕಂಪ್ಯೂಟರಿಗೆ. ಅದೇ ಕಂಪನಿಯ ಇನ್ನೊಬ್ಬರು ಆತುರಕ್ಕೆ ವಾಟ್ಸಾಪಿನಲ್ಲಿ ದೂಡುತ್ತಾರೆ, ಅದು ಜೇಬಿಗೆ.

ಫ್ಲ್ಯಾಂಜಿನ ಕಥೆ ಇಲ್ಲಿಂದಲೇ ಶುರು. 40 ಫ್ಲ್ಯಾಂಜು, ಒಂದೊಂದಕ್ಕೂ 9 ಮಿಲಿಮೀಟರಿನ ಆರು ತೂತು. ತೂತುಗಳ ನಡುಬಿಂದುಗಳನ್ನೆಲ್ಲ ಹಾಯ್ದುಹೋಗುವ ವೃತ್ತದ ವ್ಯಾಸಕ್ಕೆ ನಮ್ಮಲ್ಲಿ ಪಿಸಿಡಿ ಅಂತೀವಿ. ಫೋನಿನಲ್ಲಿದ್ದ ಡ್ರಾಯಿಂಗಿನಲ್ಲಿ ಪಿಸಿಡಿ 90. ನಾನು ಫೋನನ್ನೇ ಡ್ರಿಲ್ಲಿಂಗ್ ಮಷೀನಿನ ಪಕ್ಕ ಒರಗಿಸಿ, ಬೆರಳಲ್ಲಿ ಹಿಗ್ಗಿಸಿ ತೋರಿಸಿ, ಪ್ಲೇಟಿಂಗಿನವರ ಬಾಕಿ ಕೊಡಲು ಹೋದೆ. ಸಂಜೆ ಅಷ್ಟೂ ಮುಗಿದಿತ್ತು. ಅಂಚು ಒರೆದು, ಎಣ್ಣೆ ಸವರಿ, ಐದೈದರ ಗೋಪುರ ಮಾಡಿ ಜೋಡಿಸಿಟ್ಟಿದ್ದರು. ಚಲನ್ ಬರೆಯಲು ಅಟ್ಟ ಹತ್ತಿದವನು ಮೇಲ್ ತೆಗೆದರೆ ಹಿಂದಿನ ದಿನವೇ ಬಂದು ಕೂತಿತ್ತು ಇನ್ನೊಂದು ಡ್ರಾಯಿಂಗು. ಎಲ್ಲ ಅದೇ ಗೆರೆ, ಅದೇ ಅಳತೆ. ಬಲಗಡೆ ಕೆಳಮೂಲೆಯ ಪುಟ್ಟ ಚೌಕದಲ್ಲಿ ಮಾತ್ರ ರಿವಿಷನ್ ‘ಎ’ ಹೋಗಿ ‘ಬಿ’ ಆಗಿತ್ತು, ಪಿಸಿಡಿ 95 ಆಗಿತ್ತು.

ಐದು ಮಿಲಿಮೀಟರ್ ವ್ಯಾಸದಲ್ಲಿ ಹೆಚ್ಚಾದರೆ ಪ್ರತಿ ತೂತೂ ಎರಡೂವರೆ ಮಿಲಿಮೀಟರ್ ಹೊರಕ್ಕೆ ಸರಿಯಬೇಕು. ಹತ್ತು ಮಿಲಿಮೀಟರಿಗೂ ಹೆಚ್ಚು ಸರಿದಿದ್ದರೆ ಹಳೇ ತೂತುಗಳ ಆಚೆಗೆ ಹೊಸದಾಗಿ ಕೊರೆಯಬಹುದೇನೋ ಎಂದು ಗಿರಾಕಿಯ ಕಾಲಾದರೂ ಹಿಡಿಯಬಹುದಿತ್ತು. ಎರಡೂವರೆ ಅಂದರೆ 9ರ ತೂತು ತನ್ನ ಮೇಲೆ ತಾನೇ ಒರಗಿ ಮೊಟ್ಟೆಯಾಗುತ್ತದೆ. ಟರ್ನರ್ ಒಂದನ್ನೆತ್ತಿಕೊಂಡು ತೂತಿನೊಳಗಿಂದ ಟ್ಯೂಬ್‌ಲೈಟ್ ನೋಡಿದರು. ಬೈಯಲಿಲ್ಲ. ‘ಫೋನಲ್ಲಿ ಹಿಂಗೇ ಇತ್ತಲ್ವಾ ಸಾರ್’ ಅಂದರು. ಅದು ಬೈಗುಳಕ್ಕಿಂತ ಚೆನ್ನಾಗಿ ನಾಟಿತು. ಮೂವತ್ತೊಂಬತ್ತು ಗುಜರಿಗೆ ಹೋದವು. ಒಂದು ನನ್ನ ಮೇಜಿನ ಮೇಲಿದೆ, ಫೋನು ಒರಗಿಸಿಡಲು. ಚಾರ್ಜರಿನ ತಂತಿ ಆರರಲ್ಲೊಂದು ತೂತಿನ ಮೂಲಕ ಹಾಯ್ದು ಬರುತ್ತದೆ. ಆ ಕೆಲಸಕ್ಕೆ ಪಿಸಿಡಿ 90 ಸರಿಯಾಗಿಯೇ ಇದೆ.

ಹಳೇ ರಿವಿಷನ್ನಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ನಮ್ಮ ಪಕ್ಕದಲ್ಲೇ ವೃಷಭಾವತಿ ನದಿಯ ಹೆಸರು ಹೊತ್ತ ವೃಷಭಾವತಿನಗರ ಅಂತ ಬಡಾವಣೆಯಿದೆ. ಬೋರ್ಡಿನ ಮೇಲೆ ಹೆಸರು ಓದಿದರೆ ಬಸವನ ಪಾದದಡಿಯಿಂದ ತಿಳಿನೀರು ಹರಿದು ಬಂದಂತಾಗುತ್ತದೆ. ಮೂಗಿಗೆ ಸಿಗುವುದು ಇನ್ನೊಂದು ಆವೃತ್ತಿ. ಅದೇ ನೀರು ನಗರದ ಕೊಳೆಯನ್ನೆಲ್ಲ ಹೊತ್ತು ಬಿಡದಿ ಹತ್ತಿರದ ಬೈರಮಂಗಲದ ಕೆರೆ ತಲುಪುತ್ತದೆ. ಹೆಸರಿಗೂ ನದಿಗೂ ತಾಳೆ ತಪ್ಪಿ ಬಹಳ ಕಾಲವಾಯಿತು, ಅದರಲ್ಲಿ ನಮ್ಮ ತೊಟ್ಟಿಗಳ ಪಾಲೂ ಇಲ್ಲದಿಲ್ಲ.

ಫ್ಲ್ಯಾಂಜಿನ ಮಾರನೆಯ ದಿನವೇ ಶಪಥ ಮಾಡಿದೆ, ಮೇಲಿರುವುದೂ ಜೇಬಲ್ಲಿರುವುದೂ ಒಂದೇ ಆಗಬೇಕು. ಮೊದಲು ತಂತಿಯಿಂದ ಶುರುಮಾಡಿದೆ. ಬಸ್‌ಸ್ಟಾಪಿನ ಹತ್ತಿರ ಮೂವತ್ತು ರೂಪಾಯಿಗೆ ತಂದ ಕೇಬಲ್ಲು. ಚುಚ್ಚಿದರೆ ಫೋನು ಚಾರ್ಜಾಗುತ್ತದೆ, ಕಂಪ್ಯೂಟರಿಗೆ ಮಾತ್ರ ಯಾರೂ ಬಂದದ್ದೇ ಗೊತ್ತಾಗುವುದಿಲ್ಲ. ಅರ್ಧ ದಿನ ಡ್ರೈವರು ಹುಡುಕಿದೆ, ಫೋನನ್ನು ಬೈದೆ. ಕಡೆಗೆ ತಂತಿಯನ್ನೇ ಕತ್ತರಿಸಿ ನೋಡಿದೆ. ಯುಎಸ್‌ಬಿ ತಂತಿಯೊಳಗೆ ಕಡಿಮೆಯೆಂದರೂ ನಾಲ್ಕು ಎಳೆ ಇರಬೇಕು, ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಇದರಲ್ಲಿ ಕೆಂಪು ಕಪ್ಪು ಎರಡೇ. ಉಣ್ಣಲಿಕ್ಕೆ ಬಾಯಿ ಇದೆ, ಮಾತಿಗಿಲ್ಲ. ಹೊರಗಿನಿಂದ ನೋಡಿದರೆ ಎರಡಕ್ಕೂ ಒಂದೇ ಮುಖ. ಇಂಥ ನೆಂಟರು ನಮ್ಮ ಕಡೆಯೂ ಒಬ್ಬಿಬ್ಬರಿದ್ದಾರೆ.

ನಾಲ್ಕೆಳೆಯ ತಂತಿ ತಂದರೂ ಮೊದಲಿನ ಸುಖವಿಲ್ಲ. ಹಿಂದಿನ ಫೋನು ಚುಚ್ಚಿದರೆ ಪೆನ್‌ಡ್ರೈವಿನ ಹಾಗೆ ತನ್ನ ಉಗ್ರಾಣದ ಬೀಗದ ಕೈಯನ್ನೇ ಕಂಪ್ಯೂಟರಿನ ಕೈಗೆ ಕೊಟ್ಟುಬಿಡುತ್ತಿತ್ತು. ಕೊಟ್ಟಷ್ಟು ಹೊತ್ತು ಫೋನಿಗೇ ಒಳಗೆ ಪ್ರವೇಶವಿಲ್ಲ, ಹಾಡೂ ಇಲ್ಲ ಫೋಟೊವೂ ಇಲ್ಲ. ಈ ಸಂಕಟಕ್ಕೆ 2011-12ರ ಸುಮಾರಿಗೆ ಆಂಡ್ರಾಯ್ಡಿನವರು ಎಂಟಿಪಿ ಅನ್ನುವ ಪದ್ಧತಿಗೆ ಹೊರಳಿದರು. ಈಗ ಬೀಗದ ಕೈ ಫೋನಿನ ಸೊಂಟದಲ್ಲೇ. ಕಂಪ್ಯೂಟರು ಕೌಂಟರಿನ ಈಚೆ ನಿಂತು ಚೀಟಿ ಕೊಡಬೇಕು, ಸ್ಟೋರ್ ಕೀಪರು ಒಳಗೆ ಹೋಗಿ ಒಂದೊಂದೇ ಐಟಂ ತಂದು ಕೊಡಬೇಕು. ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಸ್ಟೋರ್ ಕೀಪರ್ ಅಂದರೆ ಏನೆಂದು ಗೊತ್ತು. ಅವನು ಕಳ್ಳನಲ್ಲ, ಸೋಮಾರಿಯೂ ಅಲ್ಲ, ಆದರೆ ನಾವು ಅವಸರದಲ್ಲಿದ್ದೇವೆ ಅನ್ನುವುದು ಅವನಿಗೆ ಯಾವತ್ತೂ ಹೊಳೆಯುವುದಿಲ್ಲ.

ನಮ್ಮ ಹುಡುಗರಿಗೆ ಈ ಗೋಳೇ ಇರಲಿಲ್ಲ. ಮಾಗಡಿ ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳಲು ಶನಿವಾರ ಬಟವಾಡೆಯಾದ ಮೇಲೆ ಸಾಲು ನಿಲ್ಲುತ್ತಿದ್ದರು. ಆಮೇಲೆ ಶೇರ್‌ಇಟ್ ಬಂತು. ಪಕ್ಕಪಕ್ಕ ಕೂತು ಬುತ್ತಿ ಬಿಚ್ಚುವಷ್ಟರಲ್ಲಿ ಒಬ್ಬನ ಫೋನಿನ ಸಿನಿಮಾ ಇನ್ನೊಬ್ಬನಿಗೆ. 2020ರ ಜೂನ್ 29ರಂದು ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ಹೋಯಿತು. ಗಡಿಯಲ್ಲಾದ ಜಗಳದ ಬಿಸಿ ನಮ್ಮ ಷೆಡ್ಡಿನ ಊಟದ ಹೊತ್ತಿಗೆ ಹೀಗೆ ತಟ್ಟಿತು. ಮೋಡದಲ್ಲಿಡಿ ಅಂತಲೂ ಹೇಳುವವರಿದ್ದಾರೆ. ಇಟ್ಟು ನೋಡಿದೆ. ನಮ್ಮ ತಗಡಿನ ಸೂರಿನಡಿ ಸಿಗ್ನಲ್ಲು ಬರುವುದು ಒಂದೇ ಮೂಲೆಗೆ, ಅಲ್ಲಿ ಗ್ರೈಂಡರಿದೆ.

ನನಗೆ ಇನ್ನೊಂದು ಚಟವಿದೆ, ರಾತ್ರಿ ಷೆಡ್ಡು ಮುಚ್ಚಿದ ಮೇಲೆ ಅಟ್ಟದಲ್ಲಿ ಕೂತು ಏನಾದರೂ ಬರೆಯುವುದು. ಬರೆಯುವುದು ನುಡಿಯ ಹಳೇ ಫಾಂಟಿನಲ್ಲಿ, ಕೈಗೆ ಕೂತುಬಿಟ್ಟಿದೆ. ಹೇಗೂ ತಂತಿ ಸಿಕ್ಕಿತಲ್ಲ ಅಂತ ಅದನ್ನೂ ಫೋನಿಗೆ ಸುರಿದುಕೊಂಡು, ವಿಜಯನಗರದ ಮೆಟ್ರೊ ಸ್ಟೇಷನ್ನಿನಲ್ಲಿ ರೈಲು ಕಾಯುತ್ತ ತೆರೆದೆ. ಕನ್ನಡದ ಒಂದು ಅಕ್ಷರವೂ ಇಲ್ಲ! ತಲೆಯ ಮೇಲೆ ಗೀರೆಳೆದ ಇಂಗ್ಲಿಷ್ ‘ಎ’ಗಳು, ಜರ್ಮನರ ಯಾವುದೋ ಕೊಂಡಿ, ನಡುನಡುವೆ ಬ್ರಿಟಿಷರ ಪೌಂಡಿನ ಚಿಹ್ನೆ. ಸ್ವಲ್ಪ ಹೊತ್ತು ದಿಟ್ಟಿಸಿದ ಮೇಲೆ ಗುಟ್ಟು ತಿಳಿಯಿತು. ನಾನು ‘ನ’ ಬರೆದಲ್ಲೆಲ್ಲ ಒಂದೊಂದು ಪೌಂಡು. ‘ನನ್ನ’ ಅಂತ ಬರೆದರೆ ಎರಡು. ಆ ಪ್ರಬಂಧದಲ್ಲಿ ‘ನಾನು, ನನ್ನ, ನನಗೆ’ ಎಷ್ಟಿತ್ತೆಂದರೆ ಬಕಿಂಗ್‌ಹ್ಯಾಮ್ ಅರಮನೆಗೆ ಅಡ್ವಾನ್ಸ್ ಕೊಡಬಹುದಿತ್ತು.

ಆಗಿದ್ದಿಷ್ಟೆ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಕೂರಿಸಿದ್ದವು. ಫಾಂಟು ಇರುವ ಕಂಪ್ಯೂಟರಿನಲ್ಲಿ ಬಾಡಿಗೆದಾರ ಕಾಣುತ್ತಾನೆ, ಇಲ್ಲದ ಫೋನಿನಲ್ಲಿ ಮಾಲೀಕನ ಹೆಸರಿನ ಬೋರ್ಡು. ಕನ್ನಡಕ್ಕೆ ಸ್ವಂತ ಬಡಾವಣೆ ಸಿಕ್ಕಿದ್ದು 1991ರ ಯೂನಿಕೋಡಿನಲ್ಲಿ. ಒಟ್ಟು 128 ಸೈಟು, ಎಲ್ಲದರಲ್ಲೂ ಇನ್ನೂ ಮನೆ ಎದ್ದಿಲ್ಲ. ಸೈಟು ಮಂಜೂರಾದರೂ ನೀರು, ಕರೆಂಟು ಬರಲು ವರ್ಷಗಟ್ಟಲೆ ಹಿಡಿಯುತ್ತದೆ ಅನ್ನುವುದು ಬೆಂಗಳೂರಿನವರಿಗೆ ಹೊಸದಲ್ಲ. ವಿಂಡೋಸಿನಲ್ಲಿ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ, ಆಂಡ್ರಾಯ್ಡಿನಲ್ಲಿ 2012ರ 4.1ರಲ್ಲಿ. ಕಡತವೇನೋ ಇಲ್ಲಿಂದ ಅಲ್ಲಿಗೆ ಒಂದು ಬೈಟೂ ಚೆಲ್ಲದೆ ಹೋಗಿತ್ತು. ಹೋದದ್ದು ಕನ್ನಡ ಅಂತ ಅತ್ತಲಿನವರಿಗೆ ಹೇಳುವವರಿರಲಿಲ್ಲ.

ಕಡೆಗೆ ಮಗಳು ಒಂದು ಭಾನುವಾರ ಕೂತು ಪುಕ್ಕಟೆ ಸಿಗುವ ಸಿಂಕ್ ತಂತ್ರಾಂಶವೊಂದನ್ನು ಎರಡರಲ್ಲೂ ಹಾಕಿಕೊಟ್ಟಳು. ಷೆಡ್ಡಿನ ವೈಫೈ ವ್ಯಾಪ್ತಿಗೆ ಫೋನು ಬಂದದ್ದೇ ತಡ, ‘ಡ್ರಾಯಿಂಗ್ಸ್’ ಎಂಬ ಫೋಲ್ಡರು ಎರಡೂ ಕಡೆ ತಂತಾನೇ ಒಂದಾಗಬೇಕು. ಹೇಗಪ್ಪಾ ಇದು ಇಷ್ಟು ಬೇಗ ಅಂದರೆ ಅವಳು ಹೇಳಿದ್ದು ನನಗೆ ಕಿರ್ದಿಯ ಭಾಷೆಯಲ್ಲಿ ಅರ್ಥವಾಯಿತು. ಎರಡು ಊರಲ್ಲಿ ಒಂದೇ ಲೆಕ್ಕದ ಎರಡು ಪುಸ್ತಕ ಇವೆ ಅನ್ನಿ. ತಾಳೆ ನೋಡಲು ಪುಸ್ತಕವನ್ನೇ ಬಸ್ಸಿಗೆ ಹಾಕಬೇಕಿಲ್ಲ, ಸಾಲುಸಾಲು ಓದಬೇಕೂ ಇಲ್ಲ. ಫೋನು ಮಾಡಿ ಪ್ರತಿ ಪುಟದ ಅಡಿಮೊತ್ತ ಮಾತ್ರ ಹೇಳುತ್ತ ಹೋದರೆ ಸಾಕು. ಹೊಂದಿದ ಪುಟ ಬಿಡು, ಹೊಂದದ ಪುಟವನ್ನಷ್ಟೇ ಕಳಿಸು. 1996ರಲ್ಲೇ, ಅಂದರೆ ಆ ತಾಳೆಯ ಯಂತ್ರ ಬಂದ ವರ್ಷವೇ, ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ ಈ ಜಾಡಿನಲ್ಲಿ ಆರ್‌ಸಿಂಕ್ ಎಂಬ ತಂತ್ರಾಂಶ ಬರೆದರು. ಕಡತವನ್ನು ತುಂಡುತುಂಡಾಗಿಸಿ ಒಂದೊಂದು ತುಂಡಿಗೂ ಅಡಿಮೊತ್ತ ಹಾಕಿ ಹೋಲಿಸುವುದು, ಬದಲಾದ ತುಂಡನ್ನು ಮಾತ್ರ ಸಾಗಿಸುವುದು. ನಮ್ಮ ಶ್ಯಾನುಭೋಗರಿಗೆ ಹೇಳಿದ್ದರೆ ‘ಇದರಲ್ಲೇನು ಹೊಸದು’ ಅನ್ನುತ್ತಿದ್ದರು.

ಬದಲಾಗಿದೆ ಅಂತ ಗೊತ್ತಾಯಿತು ಸರಿ, ಎರಡರಲ್ಲಿ ಹೊಸದು ಯಾವುದು? ಅದಕ್ಕೆ ಗಡಿಯಾರ ನೋಡಬೇಕು. ಇಲ್ಲಿ ಇನ್ನೊಂದು ತಮಾಷೆ. ಪೆನ್‌ಡ್ರೈವುಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ 32 ಎಂಬ ಹಳೇ ವ್ಯವಸ್ಥೆ ಕಡತ ಬದಲಾದ ಸಮಯವನ್ನು ಎರಡೆರಡು ಸೆಕೆಂಡಿನ ಹೆಜ್ಜೆಯಲ್ಲಿ ಬರೆದಿಡುತ್ತದೆ. ಅದರ ಲೋಕದಲ್ಲಿ ಬೆಸ ಸೆಕೆಂಡೇ ಇಲ್ಲ. ಅದಕ್ಕೆ ಕಾಲ ಶುರುವಾಗುವುದೇ 1980ರ ಜನವರಿ 1ರಂದು, ಅದಕ್ಕೆ ಹಿಂದೆ ಏನೂ ನಡೆದಿಲ್ಲ. ಒಂದು ಕಡೆ 7 ಸೆಕೆಂಡು, ಇನ್ನೊಂದು ಕಡೆ 8 ಅಂತ ಬರೆದುಕೊಂಡು ಒಂದೇ ಕಡತವನ್ನು ಎರಡೆಂದು ತಿಳಿದು ಜಗಳಕ್ಕೆ ಬೀಳುವುದುಂಟು. ನಗಬೇಕಾಗಿಲ್ಲ. ಕರಾವಳಿಯವರ ಯುಗಾದಿ ಒಂದು ದಿನ, ನಮ್ಮದು ಇನ್ನೊಂದು ದಿನ. ಚಂದ್ರನ ವರ್ಷ 354 ದಿನ, ಸೂರ್ಯನದು 365. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬೀಳುವ ಚಂದ್ರನನ್ನು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಇಡೀ ತಿಂಗಳು ಕೂಡಿಸಿ ಎಳೆದು ತರುತ್ತೇವೆ, ಅಧಿಕಮಾಸ. 2023ರಲ್ಲಿ ಎರಡೆರಡು ಶ್ರಾವಣ ಬಂದದ್ದು ಹೀಗೆ. ಆ ಸಿಂಕ್ ನಡೆಯುವಾಗ ಮದುವೆ ಮುಂಜಿ ಮಾಡಬಾರದು ಅಂತಲೂ ಇಟ್ಟಿದ್ದಾರೆ. ಎಲ್ಲ ಕೆಲಸ ನಿಲ್ಲಿಸಿ ತಾಳೆ ನೋಡಬೇಕು ಅನ್ನುವ ವಿವೇಕ ನನಗಿಂತ ಪಂಚಾಂಗದವರಿಗೆ ಹೆಚ್ಚು.

ಎರಡು ತಿಂಗಳು ಎಲ್ಲ ಸೊಗಸಾಗಿ ನಡೆಯಿತು. ಆಮೇಲೆ ಫೋನಿನ ಹೊಟ್ಟೆ ತುಂಬಿತು. ನಾಮಕರಣವೊಂದರ ವಿಡಿಯೊ ಕೂರುತ್ತಿರಲಿಲ್ಲ. ಹೇಗೂ ಮೇಲೆ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯದಲ್ಲಿ, ಛತ್ರದ ಊಟದ ಪಂಕ್ತಿಯಲ್ಲೇ ಕೂತು ‘ಡ್ರಾಯಿಂಗ್ಸ್’ನಲ್ಲಿದ್ದ ಮೂರು ವರ್ಷದ ಹಳೇ ಕಡತಗಳನ್ನೆಲ್ಲ ಅಳಿಸಿದೆ. ಹೋಳಿಗೆ ಬಡಿಸುವ ಹೊತ್ತಿಗೆ ಕೆಲಸ ಮುಗಿದಿತ್ತು. ಸೋಮವಾರ ಬೆಳಿಗ್ಗೆ ಷಟರ್ ಎತ್ತಿ ಒಳಗೆ ಕಾಲಿಟ್ಟೆ. ನನ್ನ ಜೇಬು ವೈಫೈ ವ್ಯಾಪ್ತಿಗೆ ಬಂತು. ಊದಿನಕಡ್ಡಿ ಹಚ್ಚಿ ಅಟ್ಟ ಹತ್ತುವಷ್ಟರಲ್ಲಿ ಕಂಪ್ಯೂಟರು ನಿಷ್ಠೆಯಿಂದ ಅದೇ ಮೂರು ವರ್ಷವನ್ನು ತಾನೂ ಅಳಿಸಿ ಮುಗಿಸಿತ್ತು. ತಂತ್ರಾಂಶದ ಕಿಟಕಿಯಲ್ಲಿ ಹಸಿರು ಟಿಕ್ಕು. ಎರಡೂ ಕಡೆ ಒಂದೇ ಆಗಿದೆ ಅಂತ. ಆಗಿತ್ತು, ಸುಳ್ಳಲ್ಲ. ಎರಡೂ ಕಡೆ ಏನೂ ಇರಲಿಲ್ಲ.

‘ಅಳಿಸಿದ್ದನ್ನ ಒಂದು ತಿಂಗಳು ಪಕ್ಕಕ್ಕಿಡೋ ಆಪ್ಷನ್ ಇದೆ, ಆನ್ ಮಾಡ್ಕೋ ಅಂದಿದ್ದೆ’ ಎಂದಳು ಮಗಳು. ಅಂದಿದ್ದಳು. ನಾನು ಹೂಂ ಅಂದಿದ್ದೆ.

ಮಧ್ಯಾಹ್ನ ಪಂಪಿನ ಬುಷ್ಷಿನ ರಿಪೀಟ್ ಆರ್ಡರು ಬಂತು. ಡ್ರಾಯಿಂಗ್ ಕಳಿಸಿ ಅಂತ ಗಿರಾಕಿಯನ್ನೇ ಕೇಳಲು ನಾಚಿಕೆ. ಟರ್ನರ್ ತಮ್ಮ ಟೂಲ್ ಪೆಟ್ಟಿಗೆಯ ತಳದಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದರು. ರಟ್ಟು ಎಣ್ಣೆ ಕುಡಿದು ಚರ್ಮದ ಹಾಗೆ ಆಗಿತ್ತು. ಹೆಬ್ಬೆರಳು ಒತ್ತುವ ಮೂಲೆಗಳು ಕಪ್ಪು. ಒಳಗೆ ಮೂವತ್ತು ವರ್ಷದ ಜಾಬುಗಳು, ಪೆನ್ಸಿಲಿನಲ್ಲಿ, ಸ್ಕೇಲಿಲ್ಲದೆ ಎಳೆದ ಪುಟ್ಟ ಪುಟ್ಟ ಚಿತ್ರ, ಪಕ್ಕದಲ್ಲಿ ಅಳತೆ. ಬುಷ್ಷಿನ ಪುಟಕ್ಕೆ ಬಂದರು. ಒಳವ್ಯಾಸ 32.00 ಅಂತ ಬರೆದು, ಅದರ ಮೇಲೊಂದು ಗೀರೆಳೆದು, ಮೇಲುಗಡೆ 32.02, ಅದಕ್ಕೂ ಗೀರೆಳೆದು 32.05. ಪಕ್ಕದಲ್ಲಿ ‘ಟೈಟಾಯ್ತು ಅಂದ್ರು’ ಅಂತ ಷರಾ. ರಬ್ಬರಿನಲ್ಲಿ ಅಳಿಸಿದ ಗುರುತು ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲ. ಹೊಡೆದುಹಾಕಿದ್ದೂ ಓದಲಿಕ್ಕೆ ಸಿಗುತ್ತದೆ, ಯಾಕೆ ಹೊಡೆದುಹಾಕಿದ್ದು ಅನ್ನುವುದೂ.

ನಾನು ಎಂದೋ ಕಾಲೇಜಿನಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಪರೀಕ್ಷೆಗೆ ಬೇಕಾದಷ್ಟು ಓದಿದ್ದೆ. ಈ ಪುಟದೆದುರು ನಿಂತಾಗ ಅದು ನೆನಪಾಯಿತು. ಒಂದೇ ಕಾವ್ಯದ ಎರಡು ತಾಳೆಗರಿಯ ಪ್ರತಿಗಳು ಒಂದು ಮಾತಿನಲ್ಲಿ ಬೇರೆಯಾದರೆ ಸಂಪಾದಕ ಯಾವುದರ ದಿನಾಂಕ ಹೊಸದು ಅಂತ ನೋಡಿ ಇನ್ನೊಂದನ್ನು ಒಲೆಗೆ ಹಾಕುವುದಿಲ್ಲ. ಹೊಸ ಪ್ರತಿ ಅಂದರೆ ಒಬ್ಬ ಲಿಪಿಕಾರನ ತೂಕಡಿಕೆ ಹೆಚ್ಚು ಅಂತಲೂ ಅರ್ಥ. ಒಂದನ್ನು ಮೇಲೆ ಕೂರಿಸಿ ಇನ್ನೊಂದನ್ನು ಪುಟದ ಅಡಿಯಲ್ಲಿ ಪಾಠಾಂತರ ಎಂದು ಮರ್ಯಾದೆಯಿಂದ ಇಳಿಸುತ್ತಾನೆ. ನಮ್ಮ ಸಿಂಕ್ ತಂತ್ರಾಂಶಕ್ಕೂ ಈ ಬುದ್ಧಿ ಅರೆಬರೆ ಇದೆ. ಎರಡೂ ಕಡೆ ಒಂದೇ ಕಡತ ಬದಲಾಗಿದ್ದರೆ ಸೋತದ್ದರ ಬಾಲಕ್ಕೆ ತಾರೀಖು ಕಟ್ಟಿ ಪಕ್ಕದಲ್ಲಿ ನಿಲ್ಲಿಸುತ್ತದೆ. ಅದನ್ನು ಕಂಡಾಗಲೆಲ್ಲ ಕಸ ಅಂತ ನಾನೇ ಅಳಿಸುತ್ತಿದ್ದೆ. ಪಾಠಾಂತರವನ್ನು ಗುಡಿಸಿ ಹಾಕುತ್ತಿದ್ದೆ.

ಶನಿವಾರ ಮಷೀನು ಒರೆಸುವ ಹೊತ್ತಿಗೆ ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದುಕೊಳ್ಳಲೇ ಅಂತ ಟರ್ನರನ್ನು ಕೇಳಿದೆ. ತೆಗೀರಿ ಅಂದರು. ನೂರಾ ನಲವತ್ತು ಪುಟ. ಪುಟ ತಿರುಗಿಸುವುದು ಅವರು, ಗುಂಡಿ ಒತ್ತುವುದು ನಾನು. ತೊಂಬತ್ತರ ಹತ್ತಿರ ಬಂದಾಗ ಕರೆಂಟು ಹೋಯಿತು, ವೈಫೈ ಸತ್ತಿತು. ಅರ್ಧ ಫೋಟೊ ಕಂಪ್ಯೂಟರಿಗೆ ಹೋಗಿತ್ತೋ ಇಲ್ಲವೋ ದೇವರೇ ಬಲ್ಲ. ಅವರು ನೋಟ್‌ಬುಕ್ ಮುಚ್ಚಿ ಪೆಟ್ಟಿಗೆಯ ತಳಕ್ಕೆ ಸೇರಿಸಿದರು, ಮೇಲೆ ವರ್ನಿಯರ್ ಇಟ್ಟರು.

‘ಸೋಮವಾರಕ್ಕೆ ಯಾವ ಜಾಬು?’ ಅಂದರು.

ಫೋನು ತೆಗೆದು ಹೊಸ ಫ್ಲ್ಯಾಂಜಿನ ಡ್ರಾಯಿಂಗ್ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಬಲಗಡೆ ಕೆಳಮೂಲೆಯನ್ನು ಬೆರಳಲ್ಲಿ ಹಿಗ್ಗಿಸಿದರು.

‘ಇದೇ ಕಡೇದಾ ಸಾರ್?’

‘ಇರಿ’ ಅಂದು, ಟಾರ್ಚು ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಐದನೆಯದರ ಮೇಲೆ ನೆನಪಾಯಿತು, ಕರೆಂಟಿಲ್ಲ. ಅಲ್ಲೇ ಕೂತೆ. ಕೆಳಗೆ ಅವರೂ ಸ್ಟೂಲೆಳೆದುಕೊಂಡು ಕೂತರು.